ಅರ್ಥ ಹೇಳಬಾರದ ಓದು

ದಾವಣಗೆರೆಗೆ ಬಂದ ಮೊದಲ ಬುಧವಾರ, ಮೀಸೆ ನರೆತ ಗಂಡಸರೂ ಮೊಮ್ಮಕ್ಕಳನ್ನು ಕಂಡ ಹೆಂಗಸರೂ ದುಂಡಗೆ ಕೂತು, ಒಂದನೇ ಕ್ಲಾಸಿನ ಮಕ್ಕಳ ಹಾಗೆ ಬೆರಳಿಟ್ಟು ಗಟ್ಟಿಯಾಗಿ ಕತೆ ಓದುವುದನ್ನು ಕಂಡು ನನಗೆ ದಿಗಿಲಾಯಿತು. ಒಬ್ಬರು ಒಂದು ಸಾಲು ಓದಿ ಐದು ನಿಮಿಷ ಸುಮ್ಮನಾದರೂ ಯಾರೂ ಅವಸರ ಮಾಡಲಿಲ್ಲ. ಇದೆಂಥ ಔಷಧ ಶಿವನೇ, ಇದಕ್ಕಾ ನಾನು ಊರು ಬಿಟ್ಟು ಬಂದದ್ದು ಅಂದುಕೊಂಡೆ.

ನಮ್ಮೂರು ನಂದಿಗುಡಿಯ ನಿಮಗೆಲ್ಲ ಗೊತ್ತಿರುವ ವಿಷಯವೇ. ನನ್ನ ತಮ್ಮ ವೀರೇಶನಿಗೆ ಸ್ಕಿಜೋಫ್ರೇನಿಯಾ. ಅವನು ಏನು ಮಾಡಿದರೂ ಅದನ್ನೇ ಬಿಡಿಸಿ ಬಿಡಿಸಿ ಹೇಳುವ ಒಂದು ದನಿ ಅವನ ಕಿವಿಯಲ್ಲಿ ಕೇಳುತ್ತಲೇ ಇರುತ್ತದೆ. ‘ನೋಡು, ಉಣ್ಣಾಕೆ ಕುಂತ. ನೋಡು, ತುತ್ತು ಬಾಯಿಗಿಟ್ಟ.’ ಅದಕ್ಕೆ ಹೆದರಿ ಎರಡು ವರ್ಷ ಅವನು ಹೂಂ, ಉಹೂಂ ಬಿಟ್ಟರೆ ಮಾತೇ ಆಡಿರಲಿಲ್ಲ. ಮಾತ್ರೆಯ ಜೊತೆಗೆ ವಾರವಾರ ಈ ಓದಿನ ಗುಂಪಿಗೂ ಕರೆತನ್ನಿ ಎಂದರು ದಾವಣಗೆರೆಯ ಡಾಕ್ಟರು. ಆದರೆ ಡಾಕ್ಟರ ಹತ್ತಿರ ಬರುವಾಗಲೇ, ಹರಿಹರದಲ್ಲಿ ಬಸ್ಸು ಬದಲಿಸುವ ಗದ್ದಲಕ್ಕೆ ಅವನು ಕಿವಿ ಮುಚ್ಚಿಕೊಂಡು ನೆಲಕ್ಕೆ ಕೂತುಬಿಡುತ್ತಿದ್ದ. ಕೊನೆಗೆ ಗದ್ದೆಯನ್ನು ಅಣ್ಣನಿಗೆ ಒಪ್ಪಿಸಿ ಸರಸ್ವತಿ ನಗರದಲ್ಲಿ ಬಾಡಿಗೆ ಮನೆ ಹುಡುಕಿದೆ.

ಇಬ್ಬರು ಮನೆ ಮಾಲೀಕರು ನನ್ನ ತಮ್ಮನ ವಿಷಯ ಕೇಳಿದ್ದೇ ತಡ, ಮನೆ ಖಾಲಿ ಇಲ್ಲವೆಂದರು. ಮೂರನೆಯವರಾದ ಬಸಮ್ಮ, “ಇರ್ಲಿ ಬಿಡ್ರಿ, ನಮ್ ಯಜಮಾನ್ರು ಕುಡುದ್ರೆ ಕಂಬದ ಜೊತಿ ಜಗಳ ಆಡ್ತಾರೆ. ನಿಮ್ ತಮ್ಮ ಎಷ್ಟೋ ವಾಸಿ” ಎಂದು ಕೀಲಿ ಕೊಟ್ಟರು. ಊರಲ್ಲಿ ಬೀದಿಗೆ ಕಾಲಿಟ್ಟರೆ ಹತ್ತು ಜನ ‘ಎಲ್ಲಿಗೆ’ ಅನ್ನುತ್ತಿದ್ದಿರಿ. ಇಲ್ಲಿ ತಿಂಗಳಾದರೂ ಪಕ್ಕದ ಮನೆಯವರಿಗೆ ನನ್ನ ಹೆಸರು ಗೊತ್ತಿರಲಿಲ್ಲ. ನನ್ನಂಥ ಬಾಯಿಬಡುಕಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕೇ? ಸಂಜೆ ಮಂಡಕ್ಕಿ ಕಲಸಿ, ಮಾತಾಡದ ತಮ್ಮನ ಎದುರು ಕೂತು ಎಷ್ಟೋ ಸಲ ಅತ್ತಿದ್ದೇನೆ.

ಗುಂಪು ನಡೆಸುವ ಸುಧಾ ಮೇಡಂ ಮೊದಲ ದಿನವೇ ಹೇಳಿದ್ದರು: “ಓದಿದ್ರೂ ಸರಿ, ಓದ್ದೆ ಇದ್ರೂ ಸರಿ. ಒತ್ತಾಯ ಬ್ಯಾಡ. ಸುಮ್ನೆ ಕೇಳ್ರಿ.” ಅಲ್ಲಿ ಕಾಯಿಲೆಯನ್ನು ಯಾರೂ ಕೆದಕುವುದಿಲ್ಲ. ಎಮ್ಮೆ ಕಳೆದುಕೊಂಡವನ ಕತೆ ಓದುತ್ತ ಓದುತ್ತ ಒಬ್ಬೊಬ್ಬರು ತಾವು ಕಳೆದುಕೊಂಡಿದ್ದನ್ನು ತಾವಾಗಿ ಹೇಳಿಕೊಳ್ಳುತ್ತಾರೆ.

ಐದನೇ ತಿಂಗಳ ಒಂದು ಬುಧವಾರ ಪುಸ್ತಕ ವೀರೇಶನ ಕೈಗೆ ಬಂತು. ನಾನು ಪಕ್ಕದಲ್ಲೇ ಇದ್ದೆ. ಅವನು ಓದಿದ!

“ಎಮ್ಮೆ ಹೊಳೆ ದಾಟಿ ಹೋಗಿತ್ತು.”

ಎರಡು ವರ್ಷದ ಮೇಲೆ ಕೇಳಿದ ದನಿ. ನನಗೆ ಮೈಮೇಲೆ ಎಚ್ಚರವಿರಲಿಲ್ಲ. ಶ್ರಾವಣದಲ್ಲಿ ನಮ್ಮ ಕಡೆ ಪುರಾಣ ಹೇಳಿಸುವುದು ಹೇಗೆಂದು ಗೊತ್ತಲ್ಲ? ಒಬ್ಬರು ಓದಬೇಕು, ಇನ್ನೊಬ್ಬರು ಸಾಲುಸಾಲಿಗೂ ಅರ್ಥ ಹೇಳಬೇಕು. ಓದಿದವರನ್ನು ಹಾಗೇ ಬಿಟ್ಟರೆ ನಮ್ಮಲ್ಲಿ ಅದು ಮರ್ಯಾದೆಯಲ್ಲ. “ಅಂದ್ರೆ, ಎಮ್ಮೆ ಆಚೆ ದಡಕ್ಕೆ ಹೋಗೈತೆ” ಎಂದೆ.

ಅವನ ಬೆರಳು ಅಲ್ಲೇ ನಿಂತಿತು. ಆದರೂ ಮುಂದಿನ ಸಾಲು ಓದಿದ. “ಅವನು ಈಚೆ ದಡದಲ್ಲಿ ಒಬ್ಬನೇ ನಿಂತ.”

“ನೋಡ್ರಿ, ಒಬ್ನೇ ನಿಂತಾನೆ” ಎಂದೆ.

ವೀರೇಶ ಪುಸ್ತಕ ಮುಚ್ಚಿದ. ನನ್ನ ಕಡೆ ತಿರುಗಿ, “ನೀನೂ ಶುರು ಮಾಡಿದ್ಯೇನಕ್ಕಾ?” ಎಂದ.

ಅಯ್ಯೋ, ನನ್ನ ನಾಲಿಗೆ ಬಿದ್ದುಹೋಗಬಾರದಿತ್ತೇ ಅನ್ನಿಸಿತು. ಅವನನ್ನು ತಿನ್ನುತ್ತಿದ್ದ ದನಿಯ ಕೆಲಸವನ್ನೇ, ಪ್ರೀತಿಯಿಂದ, ಹತ್ತು ಜನರೆದುರು ನಾನು ಮಾಡಿದ್ದೆ. ಮೂರು ವಾರ ಅವನು ಕೋಣೆ ಬಿಟ್ಟು ಬರಲಿಲ್ಲ. ಸುಧಾ ಮೇಡಂ ಮನೆಗೇ ಬಂದು ಕರೆದಾಗ ಒಂದೇ ಷರತ್ತಿನ ಮೇಲೆ ಒಪ್ಪಿದ: “ಅಕ್ಕ ಒಳಗೆ ಬರೋದು ಬ್ಯಾಡ.”

ಈಗ ಅವನು ಪುಟಗಟ್ಟಲೆ ಓದುತ್ತಾನಂತೆ. ನಾನು ಹೊರಗೆ ಜಗಲಿಯ ಮೇಲೆ, ಮುಚ್ಚಿದ ಬಾಗಿಲಿನ ಈಚೆಗೆ ಕೂತಿರುತ್ತೇನೆ. ಮನೆಯಲ್ಲಿ ನನ್ನೆದುರು ಮತ್ತೆ ಅದೇ ಹೂಂ, ಉಹೂಂ. ಅಣ್ಣ ಫೋನಿನಲ್ಲಿ, “ಹುಷಾರಾದ್ನಲ್ಲ, ಕರ್ಕೊಂಡು ಬಾ ಊರಿಗೆ” ಅನ್ನುತ್ತಾನೆ. ಬಂದರೆ ಅವನ ಬುಧವಾರ ತಪ್ಪುತ್ತದೆ. ನಿಮ್ಮ ನಡುವೆ ಕೂತು ಹೊಟ್ಟೆ ತುಂಬ ಮಾತಾಡಬೇಕೆಂದು ಜೀವ ಬಡಿದುಕೊಳ್ಳುತ್ತದೆ, ಆದರೂ ಇಲ್ಲೇ ಇದ್ದೇನೆ.

ಹೋದ ವಾರ ಗುಂಪು ಮುಗಿದ ಮೇಲೆ ಒಬ್ಬರು ಅಜ್ಜಿ ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದು ನನ್ನ ಕೈ ಹಿಡಿದರು. “ನಿಮ್ ತಮ್ಮ ಎಷ್ಟು ಚಂದ ಓದ್ತಾನಮ್ಮ! ಮನ್ಯಾಗೂ ಓದಿ ಹೇಳ್ತಾನಾ?”

“ಹೂಂ ರೀ, ದಿನಾ ಓದ್ತಾನೆ” ಎಂದೆ.