ಎಡಗೈ ಹಾಡಿಸಿದ ಪ್ರಾರ್ಥನೆ

ನಾವು ಜರ್ಮನಿಯ ಸಿಂಡೆಲ್‌ಫಿಂಗೆನ್‌ಗೆ ಬಂದ ಎರಡನೇ ವರ್ಷ, ಕೆಳಗಿನ ಮನೆಯ ವೃದ್ಧೆ ಒಂದು ಸಂಜೆ ನಮ್ಮ ಬೆಲ್ ಒತ್ತಿದರು. ನಾನು ಅಡುಗೆ ಮಾಡುತ್ತ ಹಾಡಿಕೊಳ್ಳುತ್ತಿದ್ದೆ. ಗಲಾಟೆಯೆಂದು ದೂರು ಹೇಳಲು ಬಂದಿದ್ದಾರೆಂದುಕೊಂಡು ಮೊದಲೇ ಕ್ಷಮೆ ಕೇಳಿಬಿಟ್ಟೆ. ಅವರು ಹಾಗಲ್ಲವೆಂದು ತಲೆಯಾಡಿಸಿ, ಬುಧವಾರ ಸಂಜೆ ಚರ್ಚಿಗೆ ಬರುತ್ತೀರಾ, ನಮ್ಮ ಗುಂಪಿಗೆ ದನಿ ಸಾಲದು ಎಂದರು. ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾಗಿದ್ದ ಅವರು ನಾಲ್ಕು ಜನರನ್ನು ಕೂಡಿಸಿಕೊಂಡು ಮಧ್ಯಯುಗದ ಲ್ಯಾಟಿನ್ ಪ್ರಾರ್ಥನೆಗಳನ್ನು ಹಾಡಿಸುತ್ತಿದ್ದರು.

"ಲ್ಯಾಟಿನ್ ಬೇರೆ ಶುರು ಮಾಡ್ತೀಯಾ? ಜರ್ಮನ್ ಎಕ್ಸಾಮ್ ಮೊದ್ಲು ಪಾಸ್ ಮಾಡ್ಕೋ" ಎಂದರು ನನ್ನವರು. ಆದರೂ ಹೋದೆ.

ಅಲ್ಲಿ ವಾದ್ಯವಿರಲಿಲ್ಲ, ತಾಳವಿರಲಿಲ್ಲ. ಎಲ್ಲರೂ ಒಂದೇ ಸ್ವರವನ್ನು ಒಟ್ಟಿಗೆ ಹಾಡಬೇಕು. ಉಡುಪಿಯಲ್ಲಿ ಎಂಟು ವರ್ಷ ಸಂಗೀತ ಕಲಿತಿದ್ದ ನನ್ನ ಗಂಟಲು ದೀರ್ಘ ಸ್ವರ ಸಿಕ್ಕಲ್ಲೆಲ್ಲ ಗಮಕ ಎಳೆಯುತ್ತಿತ್ತು. ಅವರು ಬೈಯುತ್ತಿರಲಿಲ್ಲ. ಅಂಗೈಯನ್ನು ಮೆಲ್ಲನೆ ಕೆಳಗೆ ತರುತ್ತಿದ್ದರು, ನಾನು ನಿಲ್ಲಿಸುತ್ತಿದ್ದೆ.

ಒಮ್ಮೆ ಸಾವಿರ ವರ್ಷ ಹಳೆಯ ಹಸ್ತಪ್ರತಿಯೊಂದರ ಫೋಟೊ ತಂದು ತೋರಿಸಿದರು. ಅಕ್ಷರಗಳ ಮೇಲೆ ಸಣ್ಣ ಕೊಕ್ಕೆಗಳು, ಬಾಲಗಳು. ಸ್ವರ ಇಂಥದ್ದೇ ಎಂದು ತೋರಿಸುವ ಗೆರೆಗಳೇ ಇರಲಿಲ್ಲ. ಇದನ್ನು ನೋಡಿ ಹಾಡುವುದು ಹೇಗೆ ಎಂದೆ.

"ಗೊತ್ತಿಲ್ಲದವರಿಗೆ ಇದು ಏನೂ ಹೇಳುವುದಿಲ್ಲ. ಗೊತ್ತಿದ್ದವರಿಗೆ ನೆನಪಿಸುತ್ತದೆ, ಅಷ್ಟೇ" ಎಂದರು.

ಕ್ರೈಸ್ತ ಮಠಗಳಲ್ಲಿ ಆಗ ಎಲ್ಲವನ್ನೂ ಗುರುವಿನ ಬಾಯಿಂದಲೇ ಕೇಳಿ ವರ್ಷಗಟ್ಟಲೆ ಕಲಿಯಬೇಕಿತ್ತಂತೆ. ಇಟಲಿಯ ಸನ್ಯಾಸಿಯೊಬ್ಬ ಗೆರೆಗಳ ಪದ್ಧತಿಯನ್ನು ಗಟ್ಟಿಮಾಡಿದ ಮೇಲೆಯೇ ಕೇಳದ ಹಾಡನ್ನೂ ಓದಿ ಹಾಡುವುದು ಸಾಧ್ಯವಾಯಿತಂತೆ. ಆ ಕೊಕ್ಕೆಗಳು ಹಾಡಿಸುವವರ ಕೈಚಲನೆಯಿಂದ ಹುಟ್ಟಿದವೆಂದು ಕೆಲವರು ಹೇಳುತ್ತಾರೆ ಎಂದೂ ಹೇಳಿದರು. ನಾನು ಉಡುಪಿಯಲ್ಲಿ ಚಾಪೆಯ ಮೇಲೆ ಕೂತು, ಪುಸ್ತಕ ಮುಚ್ಚಿಟ್ಟು ಪಾಠ ಒಪ್ಪಿಸುತ್ತಿದ್ದುದನ್ನು ಅವರಿಗೆ ಹೇಳಿದೆ. ಆ ದಿನ ಅಭ್ಯಾಸ ನಡೆಯಲಿಲ್ಲ, ಮಾತೇ ಆಯಿತು.

ಮೂರು ವರ್ಷದ ಮೇಲೆ, ಈಸ್ಟರ್ ಹತ್ತಿರವಿದ್ದಾಗ, ಅವರಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಹೋಯಿತು, ಮಾತೂ ಹೋಯಿತು. ನಾನು ನೋಡಲು ಹೋದಾಗ, ಹ್ಯಾಂಬರ್ಗ್‌ನಿಂದ ಬಂದಿದ್ದ ಅವರ ಮಗಳು ಆಸ್ಪತ್ರೆಯ ಕಿಟಕಿಯ ಬಳಿ ನಿಂತಿದ್ದಳು. ಅಮ್ಮ ತನ್ನನ್ನು ಗುರುತಿಸುತ್ತಾಳೋ ಇಲ್ಲವೋ ಅದೂ ತಿಳಿಯುತ್ತಿಲ್ಲ ಎಂದಳು. ನಾನು ಹಾಸಿಗೆಯ ಪಕ್ಕ ಕೂತು, ಅವರು ನನಗೆ ಮೊದಲು ಕಲಿಸಿದ್ದ ಚಿಕ್ಕ ಪ್ರಾರ್ಥನೆಯನ್ನು ಸಣ್ಣ ದನಿಯಲ್ಲಿ ಹಾಡತೊಡಗಿದೆ.

ಎರಡನೇ ಸಾಲಿಗೆ ಹೊದಿಕೆಯ ಮೇಲಿದ್ದ ಅವರ ಎಡಗೈ ಎದ್ದಿತು. ಸ್ವರ ಏರಿದಾಗ ಏರಿತು, ಇಳಿದಾಗ ಇಳಿಯಿತು. ಒಂದು ಕಡೆ ನಾನು ಅವಸರಪಟ್ಟು ಮುಂದೆ ಹೋದೆ. ಕೈ ಅಲ್ಲೇ ನಿಂತಿತು. ನಾನು ಹಿಂದಕ್ಕೆ ಬಂದು, ಆ ಸ್ವರದ ಮೇಲೆ ಬೇಕಾದಷ್ಟು ಹೊತ್ತು ನಿಂತು ಮತ್ತೆ ಹಾಡಿದೆ. ಕೈ ಮುಂದಕ್ಕೆ ಹೋಯಿತು.

ಮಗಳು ಹತ್ತಿರ ಬಂದು ಮಂಚದ ತುದಿಯಲ್ಲಿ ಕೂತಳು. "ಇಷ್ಟು ದಿನ ನಾನು ಅಮ್ಮನ ಬಾಯನ್ನೇ ನೋಡುತ್ತ ಕೂತಿದ್ದೆ" ಎಂದಳು.

ಆ ಬೇಸಿಗೆಯುದ್ದಕ್ಕೂ ಪ್ರತಿ ಶನಿವಾರ ಮಧ್ಯಾಹ್ನ ಅವರ ಬಳಿ ಹೋಗಿ ಹಾಡಿದೆ. ಎಂದೂ ಹಾಡದಿದ್ದ ಮಗಳು ನಿಧಾನವಾಗಿ ದನಿಗೂಡಿಸಿದಳು. ಅವರ ಮಾತು ಕೊನೆಗೂ ಮರಳಲಿಲ್ಲ. ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡರು.

ಅಂತ್ಯಕ್ರಿಯೆಯ ದಿನ ಮೊದಲ ಸ್ವರ ಹಿಡಿಯುವ ಕೆಲಸ ನನ್ನ ಪಾಲಿಗೆ ಬಂತು. ಅಂದಾಜು ತಪ್ಪಿ ತೀರಾ ಕೆಳಗಿನಿಂದ ಎತ್ತಿಕೊಂಡೆ. ಗುಂಪಿನ ಉಳಿದ ಹೆಂಗಸರು ಅಷ್ಟು ಕೆಳಗೆ ದನಿ ಸಿಗದೆ ಅರ್ಧಕ್ಕೇ ಸುಮ್ಮನಾದರು. ನಾನೂ ನಮ್ಮ ಗುಂಪಿನ ಒಬ್ಬನೇ ಗಂಡಸೂ ಕೊನೆಯವರೆಗೆ ಹಾಡಿ ಮುಗಿಸಿದೆವು. ಮಗಳು ಬಂದು ನನ್ನ ಕೈ ಹಿಡಿದುಕೊಂಡಳು.