ಅದು ನನ್ನ ಕಾಲಖಂಡ ಅಲ್ರಿ

ಆಧುನಿಕ ಯುರೋಪಿನ ಇತಿಹಾಸ ಕಲಿಸಿ ನಿವೃತ್ತರಾದ ಆ ಪ್ರಾಧ್ಯಾಪಕರು ಮಿಶ್ರಿಕೋಟಿಯಲ್ಲಿ ನೆಲೆಸಿದ್ದರು. ಪತ್ರಿಕೆಗೆ ಅಂಕಣ ಬರೆಯುತ್ತಿದ್ದರು, ಟೀವಿ ಚರ್ಚೆಗಳಲ್ಲಿ ಕೂರುತ್ತಿದ್ದರು. ಅಂಕಣದ ಇಸವಿಗಳನ್ನು ಮೂಲಗಳೊಂದಿಗೆ ತಾಳೆ ನೋಡುವ ಕೆಲಸ ನನ್ನದು. ಒಂದೂ ತಪ್ಪು ಸಿಗುತ್ತಿರಲಿಲ್ಲ. ತಮ್ಮ ವಿಷಯದ ಹೊರಗಿನದನ್ನು ಯಾರಾದರೂ ಕೇಳಿದರೆ ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸುತ್ತ, "ಅದು ನನ್ನ ಕಾಲಖಂಡ ಅಲ್ರಿ" ಎನ್ನುವರು. ಅದನ್ನು ವಿದ್ವಾಂಸರ ಸಂಯಮವೆಂದೇ ನಾನು ನಂಬಿದ್ದೆ.

ದನಕುರಿ ಮೇಯುವ ಊರ ಗಾಯರಾಣಕ್ಕೆ ಜಮೀನ್ದಾರನೊಬ್ಬ ತಂತಿಬೇಲಿ ಹಾಕಿದಾಗ, ಪಕ್ಕದ ಮನೆಯ ಕುರಿಗಾರ ಅವರ ಕಟ್ಟೆಗೆ ಬಂದ. ನಾನೂ ಅಲ್ಲಿದ್ದೆ.

"ಸರ, ನಿಮ್ಮ ಮಾತು ಸಾಹೇಬ್ರು ಕೇಳ್ತಾರ. ಪೇಪರನ್ಯಾಗ ನಾಕು ಸಾಲು ಬರೀರಿ. ಇಲ್ಲಂದ್ರ ಕುರಿ ಮಾರೂದ ಆಕ್ಕೈತಿ."

ಪ್ರಾಧ್ಯಾಪಕರ ಕನ್ನಡಕ ಕೆಳಗಿಳಿಯಿತು. ಮಾತೂ ಅದೇ ಬಂತು: "ಅದು ನನ್ನ ಕಾಲಖಂಡ ಅಲ್ರಿ."

"ಇಲ್ರಿ ಸರ, ಬೇಲಿ ಮೊನ್ನಿ ಹಾಕ್ಯಾರ್ರಿ," ಎಂದ ಕುರಿಗಾರ, ತಾನೇ ಸರಿಯಾಗಿ ಹೇಳಲಿಲ್ಲವೇನೋ ಎಂಬಂತೆ.

ಅವನು ಕುರಿಗಳನ್ನು ಮಾರಿದ. ಅದೇ ವಾರ ಪ್ರಾಧ್ಯಾಪಕರ ಹೊಸ ಅಂಕಣ ನನಗೆ ಬಂತು: ಯುರೋಪಿನ ಊರೊಂದರಲ್ಲಿ ನೆರೆಯವರನ್ನು ಹೊರದೂಡುವಾಗ ಓದಿದವರೆಲ್ಲ ಬಾಯಿ ಮುಚ್ಚಿಕೊಂಡಿದ್ದರ ಕುರಿತು. ಸಂಜೆ ಅವರೇ ಫೋನು ಮಾಡಿದರು.

"ಇಸವಿ ಎಲ್ಲಾ ಸರಿ ಅದಾವಲ್ರಿ?"

"ಸರಿ ಅದಾವ್ರಿ. ಆ ಬಾಯಿ ಮುಚ್ಚಿಕೊಂಡವರೊಳಗ ನಿಮ್ಮನ್ನೂ ಸೇರಿಸ್ಕೋರಿ. ಇನ್ನ ಮ್ಯಾಲ ಇಸವಿ ನೀವ ನೋಡ್ಕೋರಿ," ಎಂದು ಫೋನು ಇಟ್ಟೆ.