ಮಲ್ಲಟದ ಕಲ್ಲಾಳು

ಮಲ್ಲಟದ ಗುಡ್ಡದಾಗ ಬಿದ್ದಿದ್ದ ಕಲ್ಲಾಳನ್ನ ಹರೇದಾಗ ಒಬ್ಬನ ಎತ್ತಿ ನಿಲ್ಲಿಸಿದಾವ ನಾನು. ನಾ ಎತ್ತಿದ್ದನ್ನ ನೋಡಿದವರು ಈಗ ಯಾರೂ ಉಳಿದಿಲ್ಲ. ತಲಿ, ಹೆಗಲು ಇರೋ ಆಳೆತ್ತರದ ಕಲ್ಲು ಅದು. ನಮ್ಮ ಕುರಿ ಈದ್ರ ಗಿಣ್ಣದ ಹಾಲು ಮೊದಲು ಅವಗ ಎರಿತೀವಿ.

ಮೊನ್ನಿ ಹಳೇ ಕಲ್ಲು ಹುಡುಕೋ ಸರಕಾರದ ಮೇಡಂ ಒಬ್ಬರು ಬಂದ್ರು. ಇತಿಹಾಸಕ್ಕೂ ಹಿಂದಿನ ಮಂದಿ ಕಡದ ಮೂರ್ತಿ ಇದು, ರಾಯಚೂರಿನ ಮ್ಯೂಸಿಯಮ್ಮಿಗೆ ಒಯ್ತೀವಿ ಅಂದ್ರು. ನಾ ಕಲ್ಲಿಗೆ ಬೆನ್ನು ಕೊಟ್ಟು ಕುಂತೆ.

“ನಿಲ್ಲಿಸಿದಾವ ನಾ ಇನ್ನೂ ಜೀವಂತ ಅದೀನಿ. ನನ್ನ ಕೇಳದ ಹೆಂಗ ಒಯ್ತೀರಿ?”

ಮೇಡಂ ಬುಡದ ಮಣ್ಣು ಕೆದರಿ ನೋಡಿ ನಕ್ಕರು. “ಯಪ್ಪಾ, ಆ ಕಾಲದವರು ಬುಡಕ್ಕ ಬಡಿದ ಸಣ್ಣ ಕಲ್ಲು ಇನ್ನೂ ಹಂಗ ಬಿಗಿಯಾಗಿ ಅದಾವ. ನೆಟ್ಟಾಗಿಂದ ಇದನ್ನ ಯಾರೂ ಅಲುಗಾಡಿಸಿಲ್ಲ.”

“ಆತೇಳ್ರಿ ಯವ್ವಾ,” ಅಂದೆ, ಕುಂತಲ್ಲಿಂದ ಏಳಲಿಲ್ಲ. “ಹಂಗಾದ್ರ ನೀವ್ಯಾಕ ಅಲುಗಾಡಿಸ್ತೀರಿ?”